ನಿರ್ಣಯದ ಕೆಳಗೆ ಮೊತ್ತವನ್ನೂ ಬರೆಯಿರಿ: ಮೆಥಡಿಸ್ಟ್ ವಾರ್ಷಿಕ ಸಮ್ಮೇಳನಗಳಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ವಾರ್ಷಿಕ ಸಮ್ಮೇಳನಗಳ ಮಾನ್ಯ ಬಿಷಪ್‌ರಿಗೆ, ಸಭಾಪಾಲಕರಿಗೆ, ಸಭೆಗಳಿಂದ ಆರಿಸಿ ಬಂದ ಲೇ ಡೆಲಿಗೇಟರಿಗೆ (ಸಭಾಪಾಲಕರಲ್ಲದ ವಿಶ್ವಾಸಿ ಪ್ರತಿನಿಧಿಗಳಿಗೆ), ಮತ್ತು ಅವರ ನಡುವೆ ಕುಳಿತು ಮತ ಹಾಕುವ ಕನ್ನಡಿಗ ಸಹೋದರ ಸಹೋದರಿಯರಿಗೆ,

ಕರ್ತನಲ್ಲಿ ವಂದನೆಗಳು.

ಪ್ರತಿ ವರ್ಷ ಮೇ ಕೊನೆ ಅಥವಾ ಜೂನ್‌ನಲ್ಲಿ ನೀವು ಕೆಲವು ದಿನ ಒಂದೆಡೆ ಸೇರುತ್ತೀರಿ. ಕೈಗೆ ಬರುವ ಕಲಾಪದ ಪುಸ್ತಕದಲ್ಲಿ ವರ್ಣಭೇದವನ್ನು ಖಂಡಿಸುವ ನಿರ್ಣಯವೊಂದು ಸಾಮಾನ್ಯವಾಗಿ ಇರುತ್ತದೆ. ಇನ್ನಷ್ಟು ಪುಟ ತಿರುವಿದರೆ ಜಿಂಬಾಬ್ವೆಯ ಮೆಥಡಿಸ್ಟ್ ವಿಶ್ವವಿದ್ಯಾಲಯವಾದ ಆಫ್ರಿಕಾ ಯೂನಿವರ್ಸಿಟಿ, ವಿದ್ಯಾರ್ಥಿವೇತನ, ಹೊರದೇಶದ ಶಾಲೆಗಳ ವಿಷಯ ಬರುತ್ತದೆ. ಮೊದಲನೆಯದಕ್ಕೆ ಪ್ರಾರ್ಥನೆ, ಭಾಷಣ, ಚಪ್ಪಾಳೆ ಎಲ್ಲ ಸಿಗುತ್ತದೆ. ಎರಡನೆಯದು ಬಜೆಟ್ಟಿನ ಸಾಲುಗಳ ನಡುವೆ ಅವಸರದಲ್ಲಿ ಮುಗಿದುಹೋಗುತ್ತದೆ. ಇವೆರಡನ್ನೂ ಒಂದೇ ವಿಷಯವೆಂದು ತಿಳಿದು ಒಟ್ಟಿಗೆ ಚರ್ಚಿಸಿ, ನಿರ್ಣಯದ ಕೆಳಗೆ ಮೊತ್ತ, ಜವಾಬ್ದಾರರ ಹೆಸರು ಮತ್ತು ತಾರೀಖು ಬರೆದು ಒಪ್ಪಿಕೊಳ್ಳಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ.

ಕನ್ನಡದ ಓದುಗರಿಗಾಗಿ ಎರಡು ಮಾತು. ವಾರ್ಷಿಕ ಸಮ್ಮೇಳನ ಎಂದರೆ ಮೆಥಡಿಸ್ಟ್ ವ್ಯವಸ್ಥೆಯ ಮೂಲ ಘಟಕ. ಒಂದು ರಾಜ್ಯದ, ರಾಜ್ಯದ ಒಂದು ಭಾಗದ ಅಥವಾ ಕೆಲವೊಮ್ಮೆ ಹಲವು ರಾಜ್ಯಗಳ ಸಭೆಗಳೆಲ್ಲ ಅದರೊಳಗೆ ಬರುತ್ತವೆ. ಸಭಾಪಾಲಕರಷ್ಟೇ ಸಂಖ್ಯೆಯಲ್ಲಿ ಸಾಮಾನ್ಯ ವಿಶ್ವಾಸಿಗಳೂ ಮತ ಹಾಕುತ್ತಾರೆ, ಬಿಷಪ್ ಅಧ್ಯಕ್ಷತೆ ವಹಿಸುತ್ತಾರೆ. ಯಾವ ಸಭಾಪಾಲಕರು ಯಾವ ಸಭೆಗೆ ಹೋಗಬೇಕು ಎಂಬ ಬಿಷಪ್‌ರ ನೇಮಕಾತಿಗಳನ್ನು ಪ್ರಕಟಿಸುವುದೂ, ಪ್ರತಿ ಸಭೆ ಕೊಡಬೇಕಾದ ಪಾಲು ಹಣವನ್ನು ಗೊತ್ತುಮಾಡುವುದೂ ಇಲ್ಲೇ. ಈ ಪಾಲು ಹಣಕ್ಕೆ ಅಪೋರ್ಷನ್‌ಮೆಂಟ್ ಎನ್ನುತ್ತಾರೆ. ನೇಮಕಾತಿ ಮತ್ತು ಹಣ ಎರಡೂ ಒಂದೇ ಸೂರಿನಡಿ ಇರುವುದರಿಂದ ವರ್ಣಭೇದದ ಬಗ್ಗೆ ನಿಜವಾಗಿ ಏನಾದರೂ ಮಾಡಬಲ್ಲ ವೇದಿಕೆ ಇದೇ.

ಒಳ್ಳೆಯ ಮಾತುಗಳಿಗೆ ಮೆಥಡಿಸ್ಟರಲ್ಲಿ ಎಂದೂ ಕೊರತೆ ಇರಲಿಲ್ಲ. ಮೆಥಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿ 1774ರಲ್ಲೇ ಗುಲಾಮಗಿರಿಯ ವಿರುದ್ಧ ಪುಸ್ತಿಕೆ ಬರೆದರು. 1791ರ ಫೆಬ್ರವರಿಯಲ್ಲಿ, ಸಾಯುವ ಕೆಲವೇ ದಿನಗಳ ಮುಂಚೆ, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಬ್ರಿಟಿಷ್ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಬರೆದ ಪತ್ರದ ವಿಷಯವೂ ಅದೇ. 1784ರಲ್ಲಿ ಬಾಲ್ಟಿಮೋರ್‌ನಲ್ಲಿ ಅಮೆರಿಕದ ಮೆಥಡಿಸ್ಟ್ ಸಭೆ ಹುಟ್ಟಿದಾಗ, ಸದಸ್ಯರು ತಮ್ಮ ಗುಲಾಮರನ್ನು ಬಿಡುಗಡೆ ಮಾಡಬೇಕೆಂಬ ನಿಯಮ ಬರೆದರು. ಮರುವರ್ಷವೇ ಅದನ್ನು ತಡೆಹಿಡಿದರು. ನಿಯಮ ಜಾರಿಗೆ ತರಬೇಕಾದವರೇ ಗುಲಾಮರ ಒಡೆಯರ ಊಟದ ಮನೆಗಳಲ್ಲಿ ಪ್ರಸಂಗ ಮಾಡುತ್ತಿದ್ದ ಕಾಲ ಅದು. ಜಾರ್ಜಿಯಾದ ಬಿಷಪ್ ಜೇಮ್ಸ್ ಆಂಡ್ರೂ ಅವರ ಮನೆಯಲ್ಲಿ ಗುಲಾಮರಿದ್ದಾರೆಂಬ ಜಗಳದಲ್ಲಿ 1844ರಲ್ಲಿ ಸಭೆಯೇ ಎರಡಾಯಿತು. 1939ರಲ್ಲಿ ಮತ್ತೆ ಒಂದಾದಾಗ ತೆತ್ತ ಬೆಲೆ ಇನ್ನೂ ದೊಡ್ಡದು. ಐದು ವಲಯಗಳನ್ನು ಭೂಗೋಳದ ಪ್ರಕಾರ ಮಾಡಿ, ಆರನೆಯದನ್ನು ಮೈಬಣ್ಣದ ಪ್ರಕಾರ ಮಾಡಿದರು. ಸೆಂಟ್ರಲ್ ಜೂರಿಸ್ಡಿಕ್ಷನ್ ಎಂಬ ಆ ಆರನೆಯ ವಲಯಕ್ಕೆ ಕಪ್ಪು ಜನರ ಸಮ್ಮೇಳನಗಳನ್ನೆಲ್ಲ ತಳ್ಳಲಾಯಿತು. ಕಪ್ಪು ಪ್ರತಿನಿಧಿಗಳಲ್ಲಿ ಬಹುಪಾಲು ಜನ ವಿರೋಧವಾಗಿ ಮತ ಹಾಕಿದ್ದರು, ಆ ಮತ ನಡೆಯಲಿಲ್ಲ. ಆ ವಲಯ ಕೊನೆಗೊಂಡದ್ದು 1968ರಲ್ಲಿ, ಈಗಿನ ಯುನೈಟೆಡ್ ಮೆಥಡಿಸ್ಟ್ ಸಭೆ ಡಲ್ಲಾಸ್‌ನಲ್ಲಿ ರೂಪುಗೊಂಡಾಗ. ಧರ್ಮ ಮತ್ತು ಜನಾಂಗದ ಜನರಲ್ ಕಮಿಷನ್ ಹುಟ್ಟಿದ್ದೂ ಆಗಲೇ. 2000ದಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಸೇರಿದ ಜನರಲ್ ಕಾನ್ಫರೆನ್ಸ್, ಅಂದರೆ ಇಡೀ ಸಭೆಗೆ ನಿಯಮ ಮಾಡುವ ಅತ್ಯುನ್ನತ ಮಂಡಳಿ, ಈ ವರ್ಣಭೇದಕ್ಕಾಗಿ ಸಾರ್ವಜನಿಕವಾಗಿ ಪಶ್ಚಾತ್ತಾಪ ಪಟ್ಟಿತು.

ಈ ಚರಿತ್ರೆಯಲ್ಲಿ ಫಲ ಕೊಟ್ಟದ್ದು ಯಾವುದು ಎಂದು ನೋಡಿ. 1866ರಲ್ಲಿ ಶುರುವಾದ ಫ್ರೀಡ್‌ಮೆನ್ಸ್ ಏಡ್ ಸೊಸೈಟಿ ಬಿಡುಗಡೆಯಾದ ಗುಲಾಮರ ಮಕ್ಕಳಿಗೆ ಶಾಲೆ ಕಟ್ಟಿತು. ರಸ್ಟ್, ಕ್ಲಾಫ್ಲಿನ್ ಕಾಲೇಜುಗಳ ಮತ್ತು ಮೆಹಾರಿ ವೈದ್ಯಕೀಯ ಕಾಲೇಜಿನ ಹಿಂದೆ ಆ ಕಾಲದ ಮೆಥಡಿಸ್ಟ್ ದುಡ್ಡಿದೆ. 1972ರಲ್ಲಿ ಕಪ್ಪು ಜನರ ಕಾಲೇಜುಗಳಿಗಾಗಿ ಇರುವ ಬ್ಲ್ಯಾಕ್ ಕಾಲೇಜ್ ಫಂಡ್ ಅನ್ನು ಪ್ರತಿ ಸಭೆಯ ಪಾಲು ಹಣದೊಳಗೇ ಸೇರಿಸಿದರು. ಹನ್ನೊಂದು ಕಾಲೇಜುಗಳು ಇವತ್ತೂ ಅದರಿಂದ ನೆರವು ಪಡೆಯುತ್ತಿವೆ. ವರ್ಷ ವರ್ಷವೂ ಬರುವ ಹಣ ಎಂಬ ಖಾತ್ರಿ ಇದ್ದುದರಿಂದಲೇ ಅವು ಉಳಿದವು.

ಬೆಂಗಳೂರಿನ ಒಂದು ಉದಾಹರಣೆಯನ್ನೂ ನೆನಪಿಸಬೇಕು. ಒಹಾಯೊದ ಬೆರಿಯಾ ಊರಿನಲ್ಲಿ ಕಲ್ಲುಗಣಿ ನಡೆಸುತ್ತಿದ್ದ ಜಾನ್ ಬಾಲ್ಡ್ವಿನ್ ಅವರ ದೇಣಿಗೆಯಿಂದ 1880ರಲ್ಲಿ ಬೆಂಗಳೂರಿನ ಬಾಲ್ಡ್ವಿನ್ ಶಾಲೆಗಳು ನಿಂತವು. ದಾನಿ ದೊಡ್ಡ ಮನಸ್ಸಿನವರು, ಅದರಲ್ಲಿ ಸಂಶಯವಿಲ್ಲ. ಆದರೆ ಆಗ ಅವು ಮುಖ್ಯವಾಗಿ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳ ಶಾಲೆಗಳು. ಬೀದರ್, ಕೋಲಾರದ ಹಳ್ಳಿಗಳಲ್ಲಿ ದೀಕ್ಷಾಸ್ನಾನ ಪಡೆದ ದಲಿತ ಕುಟುಂಬಗಳ ಮಕ್ಕಳು ಆ ಬೆಂಚುಗಳ ಮೇಲೆ ಕೂರಲು ತಲೆಮಾರುಗಳೇ ಹಿಡಿದವು. ಹೊರದೇಶಕ್ಕೆ ವಿದ್ಯೆಗೆಂದು ಹಣ ಕಳಿಸುವಾಗ ಕಟ್ಟಡದ ಲೆಕ್ಕದ ಜೊತೆ ಬೆಂಚಿನ ಮೇಲೆ ಕೂರುವವರ ಲೆಕ್ಕವನ್ನೂ ಕೇಳಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಭಾರತದ ಮೆಥಡಿಸ್ಟ್ ಸಭೆ 1981ರಿಂದ ಸ್ವತಂತ್ರವಾಗಿದೆ, ಅದರ ಶಾಲೆಗಳ ಆಡಳಿತ ಅದರದೇ. ಆ ಶಾಲೆಗಳಿಗಾಗಿ ಈ ಪತ್ರದಲ್ಲಿ ಏನನ್ನೂ ಬೇಡುತ್ತಿಲ್ಲ.

ಈಗ ನಿಮ್ಮ ಮೇಜಿನ ಮೇಲಿರುವ ವಿಷಯಕ್ಕೆ ಬರೋಣ. ಆಫ್ರಿಕಾದ ಬಿಷಪ್‌ಗಳು ಕೇಳಿದ್ದಕ್ಕೆ 1988ರ ಜನರಲ್ ಕಾನ್ಫರೆನ್ಸ್ ಆಫ್ರಿಕಾ ಯೂನಿವರ್ಸಿಟಿಗೆ ಒಪ್ಪಿಗೆ ಕೊಟ್ಟಿತು. ಜಿಂಬಾಬ್ವೆಯ ಮುಟಾರೆ ಪಟ್ಟಣದ ಹತ್ತಿರ, ಹಳೇ ಮಿಷನ್ ಜಮೀನಿನಲ್ಲಿ, 1992ರಲ್ಲಿ 40 ವಿದ್ಯಾರ್ಥಿಗಳೊಂದಿಗೆ ಕೃಷಿ ಮತ್ತು ದೇವಶಾಸ್ತ್ರದ ತರಗತಿಗಳು ಆರಂಭವಾದವು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಅಂಗೋಲಾ, ಮೊಜಾಂಬಿಕ್‌ನಿಂದ ಬರುವವರು ಪೋರ್ಚುಗೀಸಿನಲ್ಲಿ ಓದಿದವರು, ಕಾಂಗೋದವರು ಫ್ರೆಂಚಿನಲ್ಲಿ ಓದಿದವರು. ಪದವಿಗೆ ಮುಂಚೆ ಇವರು ಇಂಗ್ಲಿಷ್ ತರಬೇತಿ ಮುಗಿಸಬೇಕು. ಪದವಿಯ ವರ್ಷಗಳನ್ನು ಮಾತ್ರ ಎಣಿಸುವ ವಿದ್ಯಾರ್ಥಿವೇತನ ಈ ತರಬೇತಿಯ ಹಾಸ್ಟೆಲ್ ಮತ್ತು ಊಟದ ಖರ್ಚನ್ನು ಹುಡುಗನ ತಂದೆಯ ತಲೆಗೆ ಕಟ್ಟುತ್ತದೆ. ಇಂಗ್ಲಿಷ್ ದೇಶದಿಂದ ಬಂದವನಿಗೆ ಆ ಹೊರೆ ಇಲ್ಲ. ಆದ್ದರಿಂದ ವೇತನದ ಆದೇಶದಲ್ಲಿ ‘ಭಾಷಾ ತರಬೇತಿಯ ಅವಧಿ ಸೇರಿ’ ಎಂಬ ಮಾತು ಇರಲೇಬೇಕು. ಮನೆಗೆ ಹೋಗಿಬರುವ ಪ್ರಯಾಣದ ಖರ್ಚೂ ಹಾಗೆಯೇ: ಮುಟಾರೆಯಿಂದ ಲುವಾಂಡಾಕ್ಕೆ ಹೋಗುವ ದಾರಿ ಹರಾರೆಯ ವಿದ್ಯಾರ್ಥಿ ಊರಿಗೆ ಹೋಗುವಷ್ಟು ಹತ್ತಿರವಲ್ಲ.

ಅಮೆರಿಕದ ದೇವಶಾಸ್ತ್ರ ಕಾಲೇಜುಗಳಿಗೆ ಹೊರದೇಶದ ವಿದ್ಯಾರ್ಥಿಗಳನ್ನು ಕರೆಸುವ ನಿರ್ಣಯಗಳಲ್ಲಿ ಹೆಚ್ಚು ತಪ್ಪುಗಳಾಗುತ್ತವೆ, ಅವುಗಳಲ್ಲಿ ಹೆಚ್ಚಿನವು ಕ್ಯಾಲೆಂಡರಿನ ತಪ್ಪುಗಳು. ನೀವು ಜೂನ್‌ನಲ್ಲಿ ಒಪ್ಪಿಗೆ ಕೊಡುತ್ತೀರಿ, ತರಗತಿ ಆಗಸ್ಟ್‌ನಲ್ಲಿ ಶುರು. ನಡುವೆ ಎಂಟು ಹತ್ತು ವಾರ. ಅಷ್ಟರೊಳಗೆ ಆಗಬೇಕಾದದ್ದು ಇಷ್ಟು: ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಎಂಬ ಪ್ರವೇಶ ಪತ್ರವನ್ನು ಕಾಲೇಜು ಕೊಡಬೇಕು, ಅದಕ್ಕೆ ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣವಿದೆಯೆಂಬ ದಾಖಲೆ ಬೇಕು, ವಿದ್ಯಾರ್ಥಿ ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ನೋಂದಣಿಯಾದ ಸೆವಿಸ್‌ಗೆ 350 ಡಾಲರ್ ಶುಲ್ಕ ಕಟ್ಟಬೇಕು, ಡಿಎಸ್-160 ಅರ್ಜಿ ತುಂಬಿ 185 ಡಾಲರ್ ವೀಸಾ ಶುಲ್ಕ ಕಟ್ಟಬೇಕು, ದೂತಾವಾಸದಲ್ಲಿ ಸಂದರ್ಶನದ ದಿನ ಸಿಗಬೇಕು. ಸಮ್ಮೇಳನದ ಹಣಕಾಸು ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ ಇದ್ದರೆ, ಜೂನ್‌ನಲ್ಲಿ ಒಪ್ಪಿದ ಹಣ ಕೈಗೆ ಬರುವುದೇ ಮುಂದಿನ ಜನವರಿಗೆ. ಹೀಗಾಗಿ ಈ ಜೂನ್‌ನ ನಿರ್ಣಯದಿಂದ ಈ ಆಗಸ್ಟ್‌ಗೆ ಯಾರೂ ಬರಲಾರರು. ಸರಿಯಾದ ಲೆಕ್ಕ ಹೀಗೆ: ಜೂನ್‌ನಲ್ಲಿ ಮಂಜೂರಾತಿ, ಶರತ್ಕಾಲದಲ್ಲಿ ಆಯ್ಕೆ ಮತ್ತು ಕಾಲೇಜಿಗೆ ಅರ್ಜಿ, ಜನವರಿಯಲ್ಲಿ ಹಣ ಪ್ರತ್ಯೇಕ ಖಾತೆಗೆ, ಮಾರ್ಚ್‌ನೊಳಗೆ ಐ-20, ಏಪ್ರಿಲ್-ಮೇನಲ್ಲಿ ಸಂದರ್ಶನ, ಆಗಸ್ಟ್‌ನಲ್ಲಿ ಪ್ರಯಾಣ. ತರಗತಿ ಶುರುವಾಗುವ 30 ದಿನಕ್ಕಿಂತ ಮುಂಚೆ ಎಫ್-1 ಎಂಬ ವಿದ್ಯಾರ್ಥಿ ವೀಸಾದವರನ್ನು ದೇಶದೊಳಗೆ ಬಿಡುವುದಿಲ್ಲ, ಟಿಕೆಟ್ ಕೊಳ್ಳುವವರಿಗೆ ಇದು ಗೊತ್ತಿರಲಿ.

‘ನಮ್ಮ ಸಮ್ಮೇಳನ ಈ ವಿದ್ಯಾರ್ಥಿಗೆ ಬೆಂಬಲವಾಗಿ ನಿಲ್ಲುತ್ತದೆ’ ಎಂಬ ಪತ್ರವನ್ನು ಕಾಲೇಜು ಹಣದ ದಾಖಲೆ ಎಂದು ಒಪ್ಪುವುದಿಲ್ಲ. ಪತ್ರದಲ್ಲಿ ಡಾಲರ್ ಮೊತ್ತ, ಎಷ್ಟು ವರ್ಷ, ಯಾವ ನಿಧಿಯಿಂದ ಎಂಬುದು ಇರಬೇಕು, ಖಜಾಂಚಿಯ ಸಹಿ ಇರಬೇಕು, ಬ್ಯಾಂಕಿನ ಪತ್ರ ಜೊತೆಗಿರಬೇಕು. ಒಂದು ಲೆಕ್ಕ ನೋಡಿ: ಕಾಲೇಜು ಬೋಧನಾ ಶುಲ್ಕ, ಊಟ-ವಸತಿ, ಪುಸ್ತಕ, ಆರೋಗ್ಯ ವಿಮೆ ಸೇರಿಸಿ ವರ್ಷಕ್ಕೆ 38,000 ಡಾಲರ್ ಎಂದು ಹೇಳಿ, ನೀವು 25,000 ಮಂಜೂರು ಮಾಡಿದರೆ, ಉಳಿದ 13,000ಕ್ಕೆ ದಾಖಲೆ ಇಲ್ಲದೆ ಐ-20 ಹೊರಡುವುದೇ ಇಲ್ಲ. ನಿಮ್ಮ 25,000 ಯಾರಿಗೂ ಉಪಯೋಗವಾಗದೆ ವರ್ಷದ ಕೊನೆಗೆ ವಾಪಸ್ ಹೋಗುತ್ತದೆ. ಇಬ್ಬರಿಗೆ ಅರ್ಧರ್ಧ ಕೊಡುವುದಕ್ಕಿಂತ ಒಬ್ಬರಿಗೆ ಪೂರ್ತಿ ಕೊಡುವುದು ಲೇಸು. ಸಭಾಪಾಲಕರಾಗಲು ಓದುವ ಎಂ.ಡಿವ್. ಎಂಬ ಸ್ನಾತಕೋತ್ತರ ಪದವಿಗೆ ಮೂರು ವರ್ಷ ಬೇಕು. ಒಂದೇ ವರ್ಷದ ವೇತನ ಕೊಟ್ಟು ಕರೆಸಿದರೆ ಎರಡನೇ ವರ್ಷದ ಹೊತ್ತಿಗೆ ಆ ವಿದ್ಯಾರ್ಥಿ ಸಾಲದಲ್ಲಿರುತ್ತಾನೆ. ಎಫ್-1 ವೀಸಾದವರು ತರಗತಿ ನಡೆಯುವಾಗ ಕ್ಯಾಂಪಸ್‌ನಲ್ಲೇ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ಎಫ್-2ನಲ್ಲಿ ಬಂದ ಹೆಂಡತಿ ಅಥವಾ ಗಂಡನಿಗೆ ದುಡಿಯುವ ಹಕ್ಕೇ ಇಲ್ಲ. ಬೇಸಿಗೆಯ ಮೂರು ತಿಂಗಳ ಬಾಡಿಗೆಯನ್ನು ಬಹಳ ಸಮಿತಿಗಳು ಮರೆಯುತ್ತವೆ. ಹಾಸ್ಟೆಲ್ ಮುಚ್ಚುತ್ತದೆ, ಹೊಟ್ಟೆ ರಜೆ ತೆಗೆದುಕೊಳ್ಳುವುದಿಲ್ಲ.

ವೀಸಾ ಅಧಿಕಾರಿ ಅರ್ಜಿಯನ್ನು ಹೆಚ್ಚಾಗಿ ತಿರಸ್ಕರಿಸುವುದು ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನಡಿ, ಓದು ಮುಗಿಸಿ ಊರಿಗೆ ಹಿಂದಿರುಗುತ್ತಾರೆಂಬ ನಂಬಿಕೆ ಬರದಿದ್ದಾಗ. ಅಭ್ಯರ್ಥಿಯ ಊರಿನ ಬಿಷಪ್ ‘ಪದವಿಯ ನಂತರ ಇಂಥ ಸಭೆಗೆ ಅಥವಾ ಇಂಥ ಶಾಲೆಗೆ ಇವರ ನೇಮಕಾತಿ’ ಎಂದು ಸ್ಪಷ್ಟವಾಗಿ ಬರೆದುಕೊಟ್ಟರೆ ಅರ್ಜಿಗೆ ಬಲ ಬರುತ್ತದೆ. ಆದರೂ ಕೈಮೀರಿದ ಸಂದರ್ಭಗಳಿವೆ. 2025ರ ಜೂನ್‌ನ ಅಧ್ಯಕ್ಷೀಯ ಘೋಷಣೆ ಸಿಯೆರಾ ಲಿಯೋನ್ ಮತ್ತು ಬುರುಂಡಿ ದೇಶದವರಿಗೆ ವಿದ್ಯಾರ್ಥಿ ವೀಸಾಗಳನ್ನೂ ತಡೆಹಿಡಿಯಿತು. ಎರಡೂ ಕಡೆ ನಿಮ್ಮದೇ ಸಭೆಗಳಿವೆ. 2024ರಲ್ಲಿ ಷಾರ್ಲಟ್‌ನ ಜನರಲ್ ಕಾನ್ಫರೆನ್ಸಿಗೆ ವೀಸಾ ಸಿಗದೆ ಆಫ್ರಿಕಾದ ಹಲವು ಪ್ರತಿನಿಧಿಗಳ ಕುರ್ಚಿಗಳು ಖಾಲಿ ಉಳಿದವು. ಆದ್ದರಿಂದ ನಿರ್ಣಯದಲ್ಲೇ ಒಂದು ಸಾಲು ಸೇರಿಸಿ: ಮೇ 31ರೊಳಗೆ ವೀಸಾ ಸಿಗದಿದ್ದರೆ ಅದೇ ಅಭ್ಯರ್ಥಿ ಅದೇ ಹಣದಲ್ಲಿ ಮುಟಾರೆಯಲ್ಲೋ ತನ್ನ ದೇಶದ ದೇವಶಾಸ್ತ್ರ ಶಾಲೆಯಲ್ಲೋ ಓದಬಹುದು, ಅದಕ್ಕೆ ಹೊಸ ಮತದಾನ ಬೇಕಿಲ್ಲ. ಈ ಸಾಲು ಇಲ್ಲದಿದ್ದರೆ ವೀಸಾ ಅಧಿಕಾರಿಯ ‘ಇಲ್ಲ’ ನಿಮ್ಮ ‘ಇಲ್ಲ’ವೂ ಆಗಿಬಿಡುತ್ತದೆ.

ಹಣ ಎಲ್ಲಿಂದ ಎಂದು ಕೇಳುವಿರಿ, ಕೇಳಬೇಕಾದದ್ದೇ. 2019ರಿಂದ 2023ರ ನಡುವೆ ಅಮೆರಿಕದಲ್ಲಿ 7,600ಕ್ಕೂ ಹೆಚ್ಚು ಸಭೆಗಳು ಹೊರಹೋದವು. 2016ರಲ್ಲಿ ಒಪ್ಪಿದ ನಾಲ್ಕು ವರ್ಷಗಳ ಸಾರ್ವತ್ರಿಕ ಬಜೆಟ್ ಸುಮಾರು 60 ಕೋಟಿ ಡಾಲರ್ ಇತ್ತು, 2024ರಲ್ಲಿ ಒಪ್ಪಿದ್ದು 37 ಕೋಟಿ ಚಿಲ್ಲರೆ. ಇಂಥ ಹೊತ್ತಿನಲ್ಲಿ ಹೊಸ ನಿಧಿ ಹುಟ್ಟಿಸುವುದಕ್ಕಿಂತ ಇರುವುದನ್ನು ಸರಿಯಾಗಿ ಮುಟ್ಟಿಸುವುದು ಮುಖ್ಯ. ಅಕ್ಟೋಬರ್ ಮೊದಲ ಭಾನುವಾರದ ವಿಶ್ವ ಪ್ರಭುಭೋಜನದ ಕಾಣಿಕೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಶೇ 50 ಹೊರದೇಶದವರಿಗೂ ಸಿಗುವ ವಿಶ್ವ ಪ್ರಭುಭೋಜನ ವಿದ್ಯಾರ್ಥಿವೇತನಕ್ಕೆ, ಶೇ 35 ಅಮೆರಿಕದ ಅಲ್ಪಸಂಖ್ಯಾತ ಜನಾಂಗಗಳ ವಿದ್ಯಾರ್ಥಿಗಳಿಗೆ, ಶೇ 15 ಅವರ ಸೇವಾ ತರಬೇತಿಗೆ. ಅಂದರೆ ವರ್ಣಭೇದ ಮತ್ತು ಹೊರದೇಶದ ವಿದ್ಯೆ ಒಂದೇ ತಟ್ಟೆಯಲ್ಲಿ ಕೂಡುವ ಭಾನುವಾರ ಅದು. ಆಗುವ ತಪ್ಪು ತೀರಾ ಸಾಮಾನ್ಯವಾದದ್ದು: ಪ್ರತ್ಯೇಕ ಲಕೋಟೆ ಹಂಚುವುದಿಲ್ಲ, ಸಭೆಯ ಖಜಾಂಚಿ ಎಲ್ಲವನ್ನೂ ಒಂದೇ ಡಿಪಾಸಿಟ್ ಸ್ಲಿಪ್ಪಿನಲ್ಲಿ ಬರೆದು ಕಟ್ಟುತ್ತಾರೆ, ವಿದ್ಯಾರ್ಥಿವೇತನದ ಕಾಣಿಕೆ ಕಟ್ಟಡದ ಕರೆಂಟ್ ಬಿಲ್ಲಿಗೆ ಹೋಗುತ್ತದೆ. ಹಿಂದಿನ ಎರಡು ಭಾನುವಾರ ಪ್ರಕಟಣೆ, ಅಂದು ಬೇರೆ ಲಕೋಟೆ, ಎಣಿಕೆಯ ಹಾಳೆಯಲ್ಲಿ ಬೇರೆ ಸಾಲು, ತಿಂಗಳೊಳಗೆ ಸಮ್ಮೇಳನದ ಖಜಾಂಚಿಗೆ ಬೇರೆ ಚೆಕ್. ಇಷ್ಟು ಮಾಡಿದರೆ ಸಾಕು. ಯಾವ ಸಭೆ ಕಳಿಸಿತು, ಯಾವುದು ಕಳಿಸಲಿಲ್ಲ ಎಂಬ ಪಟ್ಟಿಯನ್ನು ಬಿಷಪ್‌ರ ಪರವಾಗಿ ಹಲವು ಸಭೆಗಳನ್ನು ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟರು ಡಿಸೆಂಬರ್‌ನಲ್ಲಿ ಪ್ರಕಟಿಸಲಿ.

ವಿಶೇಷ ದೇಣಿಗೆಗಳ ಬಗ್ಗೆಯೂ ಒಂದು ಮಾತು. ತಮಗೆ ಇಷ್ಟವಾದ ಶಾಲೆಗೆ ನೇರವಾಗಿ ಕೊಡುವ ಉತ್ಸಾಹ ಒಳ್ಳೆಯದೇ, ಆದರೆ ಪಾಲು ಹಣ ಪೂರ್ತಿ ಕಟ್ಟಿದ ಮೇಲೆ. ಫೋಟೋ ಕಳಿಸಬಲ್ಲ ಶಾಲೆಗೆ ದೇಣಿಗೆ ಬರುತ್ತದೆ, ಪ್ರಯೋಗಾಲಯದ ಸಹಾಯಕರ ಸಂಬಳಕ್ಕೆ ಯಾರೂ ದೇಣಿಗೆ ಕೊಡುವುದಿಲ್ಲ.

ಇನ್ನು ನಿಮ್ಮ ಸಭೆಗಳ ಒಳಗಿನ ಮಾತು. ಕಪ್ಪು, ಏಷ್ಯಾದ, ಲ್ಯಾಟಿನ್ ಮೂಲದ ಸಭಾಪಾಲಕರನ್ನು ಬಿಳಿಯರೇ ಹೆಚ್ಚಾಗಿರುವ ಸಭೆಗಳಿಗೆ ನೇಮಿಸುವುದನ್ನು ನಾವು ಸ್ವಾಗತಿಸುತ್ತೇವೆ. ಅದು ಮುರಿದು ಬೀಳುವ ಬಗೆ ಒಂದೇ ಥರ ಇರುತ್ತದೆ. ಹೊಸಬರ ಹೆಸರು ಸಭೆಗೆ ಗೊತ್ತಾಗುವುದು ಕೊನೆಯ ಗಳಿಗೆಯಲ್ಲಿ. ಎರಡು ತಿಂಗಳಲ್ಲಿ ‘ಉಚ್ಚಾರಣೆ ತಿಳಿಯುವುದಿಲ್ಲ’ ಎಂಬ ದೂರು ಬರುತ್ತದೆ. ಕೆಲವರು ಕಾಣಿಕೆ ನಿಲ್ಲಿಸುತ್ತಾರೆ. ವರ್ಷ ತುಂಬುವಷ್ಟರಲ್ಲಿ ಸಭಾಪಾಲಕರ ವಿಷಯ ನೋಡಿಕೊಳ್ಳುವ ಸಭೆಯ ಸ್ಟಾಫ್-ಪ್ಯಾರಿಷ್ ಸಮಿತಿ ಬದಲಾವಣೆ ಕೇಳುತ್ತದೆ. ಸಭಾಪಾಲಕರನ್ನು ಇನ್ನೂ ಚಿಕ್ಕ ಸಭೆಗೆ, ಕಡಿಮೆ ಸಂಬಳಕ್ಕೆ ಕಳಿಸಲಾಗುತ್ತದೆ. ಸಭೆಗೆ ಯಾರೂ ಏನೂ ಕೇಳುವುದಿಲ್ಲ.

ಇದನ್ನು ತಡೆಯುವ ಕೆಲಸಗಳು ಸಣ್ಣವು. ನೇಮಕಾತಿ ಜುಲೈ 1ಕ್ಕೆ ಶುರುವಾಗುವುದಾದರೆ, ಏಪ್ರಿಲ್‌ನಲ್ಲೇ ಸೂಪರಿಂಟೆಂಡೆಂಟರು ಆ ಸಮಿತಿಯೊಂದಿಗೆ ಎರಡು ಸಲ ಕೂರಲಿ. ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಬರಲಿ. ದೂರು ಬರಹದಲ್ಲಿರಲಿ: ಯಾವ ಭಾನುವಾರ, ಯಾವ ಮಾತು ತಿಳಿಯಲಿಲ್ಲ. ಉಚ್ಚಾರಣೆಯ ದೂರು ಬಂದಾಗ ಮೊದಲು ಮೈಕ್ ಪರೀಕ್ಷಿಸಿ. ಬಾಯಿಂದ ದೂರವಿರುವ ಮೈಕ್ ಮತ್ತು ಪ್ರತಿಧ್ವನಿಸುವ ಹಳೆಯ ಕಟ್ಟಡದಲ್ಲಿ ವ್ಯಂಜನಗಳು ಕೇಳುವುದಿಲ್ಲ, ಹಿಂದಿನ ಸಾಲಿನ ಹಿರಿಯರಿಗೆ ಯಾರ ಇಂಗ್ಲಿಷೂ ತಿಳಿಯದು. ಕಾಲರಿಗೆ ಸಿಕ್ಕಿಸುವ ಮೈಕ್, ವಚನ ಮತ್ತು ಪ್ರಸಂಗದ ಮುಖ್ಯ ಸಾಲುಗಳನ್ನು ಅಚ್ಚುಮಾಡಿದ ಹಾಳೆ, ಇವೆರಡನ್ನೂ ಕೊಟ್ಟು ಮೂರು ತಿಂಗಳು ನೋಡಿ. ಆಮೇಲೂ ದೂರು ಉಳಿದರೆ ಅದು ಉಚ್ಚಾರಣೆಯ ದೂರಲ್ಲ ಎಂದು ಸಮಿತಿಗೆ ಮುಖಕ್ಕೆ ಹೇಳಬೇಕಾದವರು ಸೂಪರಿಂಟೆಂಡೆಂಟರು. ಸಂಬಳದ ವಿಷಯದಲ್ಲಿ, ಸಮ್ಮೇಳನದಲ್ಲಿ ಸಭಾಪಾಲಕರ ನ್ಯಾಯವಾದ ಸಂಬಳವನ್ನು ನೋಡಿಕೊಳ್ಳುವ ಈಕ್ವಿಟೇಬಲ್ ಕಾಂಪೆನ್ಸೇಷನ್ ಕಮಿಷನ್ ಪ್ರತಿ ವರ್ಷ ಒಂದು ಪಟ್ಟಿ ಅಚ್ಚುಮಾಡಲಿ. ಅದರಲ್ಲಿ ಹೆಸರು ಬೇಡ: ಸೇವೆಯ ವರ್ಷಗಳು, ಜನಾಂಗ, ಲಿಂಗ, ಸಂಬಳ, ವಸತಿ ಇಷ್ಟೇ ಕಾಲಂಗಳು. ಸಮಾನ ಸೇವೆಗೆ ಸಮಾನ ಸಂಬಳ ಇದೆಯೋ ಇಲ್ಲವೋ ಎಂದು ಎಲ್ಲರೂ ಅದನ್ನು ಓದಿ ತಿಳಿಯಲಿ.

ಕನ್ನಡಿಗ ಡೆಲಿಗೇಟರಿಗೆ ಒಂದು ನೇರ ಮಾತು. ಬೀದರ್, ಕಲಬುರಗಿಯ ಮೆಥಡಿಸ್ಟ್ ಸಭೆಗಳ ಬೆನ್ನೆಲುಬು ದಲಿತ ಕುಟುಂಬಗಳು. ನಮ್ಮಲ್ಲಿ ಕೆಲವರು ಅಮೆರಿಕದಲ್ಲಿ ಬಣ್ಣದ ತಾರತಮ್ಯಕ್ಕೆ ನೊಂದುಕೊಳ್ಳುತ್ತ, ಭಾನುವಾರದ ಊಟಕ್ಕೆ ಕರೆಯುವಾಗ, ಮಗಳ ಮದುವೆ ಮಾತಾಡುವಾಗ ಜಾತಿ ಕೇಳುತ್ತೇವೆ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಲ್ಲಿ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಅಂಥದೇ ಮಸೂದೆಗೆ ರಾಜ್ಯಪಾಲರ ಸಹಿ ಬೀಳಲಿಲ್ಲ. ವರ್ಣಭೇದದ ನಿರ್ಣಯದಲ್ಲಿ ‘ಜಾತಿ’ ಎಂಬ ಮಾತು ಸೇರಬೇಕು, ವಿದ್ಯಾರ್ಥಿವೇತನದ ಆಯ್ಕೆ ಸಮಿತಿ ಜಾತಿ ನೋಡಿ ಅಭ್ಯರ್ಥಿಯನ್ನು ಬಿಡಬಾರದು ಎಂಬ ಷರತ್ತೂ ಸೇರಬೇಕು. ಆ ತಿದ್ದುಪಡಿ ತರಬೇಕಾದವರು ನೀವೇ, ಬೇರೆಯವರಿಗೆ ಅದು ಹೊಳೆಯುವುದಿಲ್ಲ.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ನಿಮಗೆಲ್ಲ ಬಾಯಿಪಾಠ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬಂತು. ಏಳು ಜನರನ್ನು ಆರಿಸಿ ಹಂಚಿಕೆಯನ್ನೇ ಅವರ ಕೈಗೆ ಕೊಟ್ಟರು, ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ನಿಮ್ಮ ವಿದ್ಯಾರ್ಥಿವೇತನ ಸಮಿತಿಯಲ್ಲೂ ಹಾಗೆಯೇ ಆಗಲಿ: ಅರ್ಧಕ್ಕಿಂತ ಹೆಚ್ಚು ಜನ ಆಫ್ರಿಕಾ, ಏಷ್ಯಾ, ಕರಿಯ ಅಮೆರಿಕನ್ ಸಭೆಗಳವರಿರಲಿ, ಮತ್ತು ಚೆಕ್ಕಿಗೆ ಸಹಿ ಹಾಕುವ ಅಧಿಕಾರವೂ ಅವರಲ್ಲಿರಲಿ.

ಕೊನೆಯದಾಗಿ ಸಭಾಂಗಣದಲ್ಲಿ ಮಾಡಬೇಕಾದ ಕ್ರಮ. ನಿರ್ಣಯ ಸಲ್ಲಿಸಲು ಸಮ್ಮೇಳನಕ್ಕೆ ತಿಂಗಳುಗಳ ಮುಂಚೆ ಗಡುವು ಇರುತ್ತದೆ, ನಿಮ್ಮ ಸಮ್ಮೇಳನದ ಕಾರ್ಯದರ್ಶಿಯಿಂದ ಆ ತಾರೀಖು ಈಗಲೇ ಕೇಳಿಕೊಳ್ಳಿ. ನಿರ್ಣಯ ಒಂದೇ ಪುಟವಿರಲಿ. ‘ಯಾಕೆಂದರೆ’ ಎನ್ನುವ ಪೀಠಿಕೆ ಮೂರು ಸಾಲು ಸಾಕು, ಉಳಿದ ಜಾಗದಲ್ಲಿ ಯಾರು, ಎಷ್ಟು, ಯಾವ ನಿಧಿಯಿಂದ, ಯಾವ ತಾರೀಖಿಗೆ, ಯಾರಿಗೆ ವರದಿ ಎಂಬುದಿರಲಿ. ಹಣದ ಮಾತಿರುವ ನಿರ್ಣಯಗಳನ್ನು ಹಣಕಾಸು ಮಂಡಳಿ ಮೊದಲು ನೋಡಬೇಕೆಂಬ ನಿಯಮ ಬಹಳ ಕಡೆ ಇದೆ, ಹಾಗಾಗಿ ಅದರ ಪ್ರತಿ ಮಂಡಳಿಗೂ ಅದೇ ದಿನ ಹೋಗಲಿ. ಚರ್ಚೆಯಿಲ್ಲದೆ ಒಟ್ಟಾಗಿ ಒಪ್ಪುವ ಪಟ್ಟಿಯೊಳಗೆ ಅದನ್ನು ಸೇರಿಸಿದ್ದರೆ, ಪಟ್ಟಿ ಮತಕ್ಕೆ ಬರುವ ಮುಂಚೆ ಎದ್ದು ಅದನ್ನು ಹೊರತೆಗೆಯಲು ಕೋರಿ. ಚರ್ಚೆಯಿಲ್ಲದೆ ಪಾಸಾದ ನಿರ್ಣಯವನ್ನು ಯಾರೂ ನೆನಪಿಡುವುದಿಲ್ಲ. ಮಾತಿಗೆ ಎರಡು ಮೂರು ನಿಮಿಷ ಸಿಗುತ್ತದೆ. ಅದನ್ನು ವೀಸಾ ಕ್ಯಾಲೆಂಡರಿಗೂ ಮೊತ್ತಕ್ಕೂ ಬಳಸಿ, ಪಶ್ಚಾತ್ತಾಪದ ಮಾತು ಆರಾಧನೆಯಲ್ಲಿ ಆಗಲೇ ಆಗಿರುತ್ತದೆ. ‘ಬಜೆಟ್ ಮುಗಿದಿದೆ, ಈಗ ಹಣದ ಮಾತು ನಿಯಮಕ್ಕೆ ಹೊರಗು’ ಎಂದು ಅಧ್ಯಕ್ಷರು ಹೇಳಿದರೆ, ನಿರ್ಣಯವನ್ನು ಹಣಕಾಸು ಮಂಡಳಿಗೆ ಒಪ್ಪಿಸಿ ಸಮ್ಮೇಳನ ಮುಗಿಯುವುದರೊಳಗೆ ಉತ್ತರ ತರಬೇಕೆಂದು ಸೂಚನೆ ಮಂಡಿಸಿ. ಅದೂ ಬಿದ್ದುಹೋದರೆ ಮತದ ಎಣಿಕೆಯನ್ನು ಕೇಳಿ ದಾಖಲೆಯಲ್ಲಿ ಬರೆಸಿ, ಮುಂದಿನ ವರ್ಷದ ಗಡುವಿಗೆ ಅದೇ ನಿರ್ಣಯವನ್ನು ಮತ್ತೆ ಸಲ್ಲಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಗಳ ಕನ್ನಡಿಗ ಸದಸ್ಯರು